ಹಜೀರಾಬೀಯ ಗಿಡಕ್ಕೆ ಇನ್ನೂರರ ಬಲ್ಬು

"ಈ ಸಬ್ಜಾ ಒಣಗಿದ ದಿನ ನಾನೂ ಹೋಗ್ತೀನಿ" ಎಂದು ಹಾಸಿಗೆ ಹಿಡಿದ ಹಜೀರಾಬೀ ಹೇಳಿಬಿಟ್ಟಿದ್ದಳು. ಸಬ್ಜಾ ಎಂದರೆ ಕಾಮಕಸ್ತೂರಿ. ಗಂಡನ ಗೋರಿಯ ಮೇಲಿಂದ ಬೀಜ ತಂದು ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ್ದು. ಮಂಚದ ಪಕ್ಕದಿಂದ ಅದನ್ನು ಕದಲಿಸಲು ಬಿಡಳು. ಆ ಕೋಣೆಗೋ ಕಿಟಕಿಯೇ ಇಲ್ಲ. ಎಲೆ ಹಳದಿಯಾದಷ್ಟೂ ಮಗ ಸಿಕಂದರನ ಮುಖ ಬಿಳಿಚಿಕೊಳ್ಳುತ್ತಿತ್ತು.

ಗಿಡಕ್ಕೆ ಬೆಳಕು ಕೊಡಲು ದೀಪ ತರೋಣವೆಂದು ಬೆಳಿಗ್ಗೆಯೇ ಕರೆಂಟು ಸಾಮಾನಿನ ಅಂಗಡಿಗೆ ಓಡಿದ. ಅಂಗಡಿಯ ಜಾಫರ್ ಟ್ಯೂಬ್‌ಲೈಟಿನ ರಟ್ಟು ಹಿಡಿದು ಮೇಷ್ಟ್ರ ಧಾಟಿಯಲ್ಲಿ ಶುರುಮಾಡಿದ: "ನೋಡ್ರಿ ಭಾಯ್, ವ್ಯಾಟ್ ಅಂದ್ರೆ ಅದು ತಿನ್ನೋ ಕರೆಂಟು. ಕೊಡೋ ಬೆಳಕಿನ ಲೆಕ್ಕ ಬ್ಯಾರೆ, ಅದಕ್ಕೆ ಲ್ಯೂಮೆನ್ ಅಂತಾರೆ. ನಲವತ್ತರ ಟ್ಯೂಬು ನೂರರ ಬಲ್ಬಿಗಿಂತ ಜಾಸ್ತಿ ಬೆಳಕು ಕೊಡ್ತೈತೆ. ಬಲ್ಬು ತಿಂದಿದ್ದೆಲ್ಲ ಕಾವಾಗಿ ಹೋಗ್ತೈತೆ."

ಅಲ್ಲೇ ನಿಂತಿದ್ದ ನೆರೆಮನೆಯ ಅಜ್ಜಪ್ಪ ಹತ್ತಿ ಗಿರಣಿಯಿಂದ ನಿವೃತ್ತನಾಗಿದ್ದ. ನಾಲಿಗೆ ಮಾತ್ರ ಇನ್ನೂ ಸರ್ವೀಸಿನಲ್ಲಿತ್ತು.

"ಏನ್ ಹೇಳ್ತೀಯೋ ಜಾಫರ್. ಅಲ್ಲೇ ಇನ್ನೂರರ ಬಲ್ಬು ಐತಲ್ಲ, ನಲವತ್ತು ದೊಡ್ಡದೋ ಇನ್ನೂರು ದೊಡ್ಡದೋ? ಹೆತ್ತವ್ವನ ಜೀವದ ವಿಷಯದಾಗೆ ಜುಗ್ಗತನ ಬ್ಯಾಡ, ಸಿಕಂದರ್."

ಜುಗ್ಗ ಅನ್ನಿಸಿಕೊಳ್ಳುವ ಧೈರ್ಯ ಸಿಕಂದರನಿಗೆ ಇರಲಿಲ್ಲ. ಇನ್ನೂರರ ಬಲ್ಬು ಬಂತು. ಅಜ್ಜಪ್ಪನೇ ಮುಂದೆ ನಿಂತು ಗಿಡದ ನೆತ್ತಿಯಿಂದ ಗೇಣು ಮೇಲೆ ತೂಗುಹಾಕಿಸಿದ. "ಹತ್ರ ಇದ್ದಷ್ಟೂ ಹೊಟ್ಟೆತುಂಬ ಉಣ್ತೈತೆ."

ಅಮ್ಮ ಜ್ವರದ ಮಂಪರಿನಲ್ಲಿದ್ದಳು. ಸಿಕಂದರ್ ಮಧ್ಯಾಹ್ನದ ನಮಾಜು ಮುಗಿಸಿ ಬರುವಷ್ಟರಲ್ಲಿ ಗಿಡ, ಒಗ್ಗರಣೆಯಲ್ಲಿ ಮರೆತ ಕರಿಬೇವಿನಂತೆ ಗರಿಗರಿಯಾಗಿತ್ತು. ಅಜ್ಜಪ್ಪ ಮುಟ್ಟಿದ ಎಲೆ ಪುಡಿಯಾಯಿತು.

"ಒಳ್ಳೆ ಕರೆಂಟೈತೆ ನಿಮ್ಮನೇಲಿ" ಎಂದು ಚಪ್ಪಲಿ ಮೆಟ್ಟಿ ಹೊರಟ.

ಊರಲ್ಲೇ, ದಾವಣಗೆರೆಯಲ್ಲಿ ಗಿಡ ಹುಡುಕಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಸಿಕಂದರ್ ಹರಿಹರದ ಬಸ್ಸು ಹತ್ತಿದ. ಅಲ್ಲಿ ಖಬರಸ್ತಾನದ ಪಕ್ಕ ಹೂ ಮಾರುವ ಮಕ್ತುಮ್ ಸಾಬ್, ಗೋರಿಯ ಮೇಲೆ ನೆಡುವ ಸಬ್ಜಾ ಗಿಡ ಕೊಡುತ್ತ ತಗ್ಗಿದ ದನಿಯಲ್ಲಿ ಕೇಳಿದ: "ಮಣ್ಣು ಯಾವಾಗ?"

"ಅದನ್ನ ತಪ್ಪಿಸಾಕೇ ಬಂದೀನ್ರಿ."

ಮರಳುವಾಗ ಜಾಫರನ ಟ್ಯೂಬೂ ತಂದ. ಅಮ್ಮ ಕಣ್ಣು ಬಿಡುವುದರೊಳಗೆ ಹೊಸ ಗಿಡ ಹಳೆ ಡಬ್ಬಿ ಸೇರಿತ್ತು, ಟ್ಯೂಬು ಗೋಡೆ ಸೇರಿತ್ತು.

ಹಜೀರಾಬೀ ಹಸಿರು ಎಲೆಗಳನ್ನು ಬಹಳ ಹೊತ್ತು ಸವರಿದಳು. ಎಷ್ಟೋ ದಿನಗಳ ಮೇಲೆ ನಕ್ಕಳು.

"ಡಾಕ್ಟ್ರ ಕೈಗುಣ ದೊಡ್ಡದು, ಬೇಟಾ."

"ಔಷಧ ನಾಟ್ತಾ, ಅಮ್ಮಾ?"

"ನಂಗಲ್ಲ, ಗಿಡಕ್ಕೆ. ಅದು ಉಳಿದ್ರೆ ತಾನೆ ನಾನು ಉಳಿಯೋದು? ಹದಿನೈದು ದಿನದಿಂದ ನನ್ ಬಾಟ್ಲಿ ಔಷಧ ಎಲ್ಲ ಅದರ ಬುಡಕ್ಕೇ ಹಾಕ್ತಿದ್ದೆ. ನಾನು ಒಂದ್ ಗುಟುಕೂ ಕುಡ್ದಿಲ್ಲ. ನೋಡು, ಇವತ್ತು ಹೆಂಗ್ ಚಿಗುರೈತೆ."

ಗಿಡ ಬದಲಾಗಿದೆ ಎಂದರೆ ಅಮ್ಮ ಇವತ್ತೇ ಜೀವದ ಆಸೆ ಬಿಡುತ್ತಾಳೆ. ಅನ್ನದಿದ್ದರೆ ಔಷಧವನ್ನೆಲ್ಲ ಗಿಡಕ್ಕೇ ಸುರಿದು ತಾನು ಕುಡಿಯದೆಯೇ ಇರುತ್ತಾಳೆ. ಸಿಕಂದರ್ ಔಷಧದ ಬಾಟ್ಲಿ ಎತ್ತಿ ಎಷ್ಟು ಉಳಿದಿದೆ ಎಂದು ನೋಡಿದ.

"ಸಂಜೆ ಔಷಧದ ಹೊತ್ತಾತು" ಎಂದಳು ಹಜೀರಾಬೀ. "ಎರಡು ಚಮಚ ಹಾಕು ಅದಕ್ಕೆ."