ಹೋಳಿಗೆಗೆ ಅಡ್ಡ ಹಿಡಿದ ಕೈ

ಅರವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಹೊಡೆದಾಟದ ವಿದ್ಯೆ ಪೂರ್ತಿ ಸಿದ್ಧಿಸಿತೆಂದು ನಾನು ನಂಬಿದ್ದೆ. ಆ ನಂಬಿಕೆಯಿಂದ ಒಂದು ಧೋತರ, ಒಂದು ಪಾತ್ರೆ ಸಾರು ಮತ್ತು ನನ್ನ ಮನೆಯ ಒಂದು ಬಾಣಂತನ ಹಾಳಾದವು. ತಪ್ಪೊಪ್ಪಿಗೆ ಹೀಗಿದೆ.

ಪಂಚಮಿಗೆಂದು ಗೋಕಾಕಕ್ಕೆ ಬಂದ ಮಗಳು ಗೀತಾ, ಗಂಡ ಕೊಡಿಸಿದ ವಿಡಿಯೋ ಗೇಮ್ ತಂದಿದ್ದಳು. ಟಿವಿಯಲ್ಲಿ ಇಬ್ಬರು ಜಟ್ಟಿಗಳು ಬಡಿದಾಡುತ್ತಾರೆ; ಗುಂಡಿ ಒತ್ತುವವರು ನಾವು. ಮೂರು ದಿನ ಅವಳು ನನ್ನನ್ನು ಹೊಡೆದು ಹಾಕಿದಳು. ನಾಲ್ಕನೆಯ ದಿನ ಅವಳಿಗೇ ಕನಿಕರ ಬಂತು.

“ಅಪ್ಪಾ, ನೀ ಒದ್ದಿ ಅಂತ ತಿಳ್ಕೋ. ನಾ ಅಡ್ಡ ಕೈ ಹಿಡದು ತಡದೆ. ಇದಕ್ಕ ಬ್ಲಾಕ್ ಅಂತಾರ. ಆವಾಗ ಇಬ್ಬರೂ ಒಂದು ಗಳಿಗಿ ಕಟ್ಟಿ ಹಾಕಿದಂಗ ನಿಂತಿರ್ತೇವಿ. ಚಾಚಿದ ಕಾಲು ಹಿಂದಕ್ಕ ತಗೊಳ್ಳಾಕ ನಿನಗ ಹೊತ್ತು ಬೇಕು. ಅಷ್ಟರಾಗ ನಾ ಸಡಿಲ ಆದ್ರ ಮುಂದಿನ ಏಟು ನಂದು.”

“ಎಷ್ಟು ಹೊತ್ತು?”

“ಸೆಕೆಂಡಿಗೆ ಅರವತ್ತು ಚಿತ್ರ ಓಡ್ತಾವು, ಒಂದೊಂದಕ್ಕ ಫ್ರೇಮ್ ಅಂತಾರ. ನಾಕೈದು ಫ್ರೇಮ್ ಮೊದಲ ಸಡಿಲ ಆದವಗ ಫ್ರೇಮ್ ಅಡ್ವಾಂಟೇಜ್ ಐತಿ ಅಂತಾರ. ಆದ್ರ ಅಪ್ಪಾ, ಎಲ್ಲಾ ಏಟಿಗೂ ಹಿಂಗ ಇರಂಗಿಲ್ಲ...”

ನಾನು ಅಷ್ಟರಲ್ಲಿ ಚಹಾಕ್ಕೆ ಎದ್ದಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಅಷ್ಟು ವಿವರಣೆ ಸಾಕು.

ದೀಪಾವಳಿ ಕಳೆಯಿತು. ಕಲ್ಲೋಳಿಯಲ್ಲಿ ಗಂಡನ ಮನೆಯಲ್ಲಿದ್ದ ಗೀತಾಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿ ಪದ್ಧತಿ. ಆದರೆ ಅವಳ ಅತ್ತೆಗೆ ಸೊಸೆಯನ್ನು ಕಳಿಸಲು ಮನಸ್ಸಿಲ್ಲ ಎಂಬ ಸುಳಿವು ಸಿಕ್ಕಿತು. ಹೇಗಾದರೂ ಒಪ್ಪಿಸಬೇಕೆಂದು ನಾವಿಬ್ಬರೂ ಹೊರಟೆವು. ಬಸ್ಸಿನಲ್ಲಿ ಹೆಂಡತಿ ಕಮಲವ್ವ ಕಟ್ಟಪ್ಪಣೆ ಮಾಡಿದಳು.

“ಅವರು ನೀಡಿದ್ದು ಸುಮ್ನ ಉಣ್ರಿ. ಬೀಗಿತ್ತಿ ಮಾರಿ ಅರಳಿದ ಮ್ಯಾಲ ನಾ ಮಾತು ತಗೀತೇನಿ. ನೀವು ಬಾಯಿ ತಗಿಯೋದು ತುತ್ತಿಗಷ್ಟ.”

“ನನಗ ಶುಗರ್ ಐತಲ್ಲ?”

“ಒಂದು ಹೋಳಿಗಿಗೆ ಏನೂ ಆಗಂಗಿಲ್ಲ.”

ಬೀಗರ ಪಂಕ್ತಿಯಲ್ಲಿ ಒಂದು ಹೋಳಿಗೆ ಎಂಬುದು ಇರುವುದಿಲ್ಲ. ಒತ್ತಾಯ ಮಾಡಿ ನೀಡುವುದೇ ಮರ್ಯಾದೆ. ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದರೂ ನೀಡುವುದು ಇನ್ನೂ ದೊಡ್ಡ ಮರ್ಯಾದೆ. ಎರಡು ತಿಂದೆ. ಮೂರನೆಯದನ್ನು ಹಿಡಿದು ಬೀಗಿತ್ತಿ ಸೊಂಟ ಬಗ್ಗಿಸಿ ಬಲಗೈ ಚಾಚಿದರು. ನಾನು ಎರಡೂ ಕೈಗಳನ್ನು ತಾಟಿನ ಮೇಲೆ ಅಡ್ಡ ಹಿಡಿದೆ. ಅವರ ಕೈ ಗಾಳಿಯಲ್ಲೇ ನಿಂತಿತು.

ಥಟ್ಟನೆ ಹೊಳೆಯಿತು: ಇದು ಬ್ಲಾಕ್! ಚಾಚಿದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವುದರೊಳಗೆ ಏಟು ನನ್ನದು. ಹೊಡೆದೇ ಬಿಟ್ಟೆ.

“ತಂಗೇರ, ಗೀತಾನ್ನ ಬಾಣಂತನಕ್ಕ ಈ ವಾರನ ಕಳಿಸಿಬಿಡ್ರಿ.”

ಕಮಲವ್ವನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಬೀಗಿತ್ತಿ ಮಾತ್ರ ನಿಲ್ಲಲಿಲ್ಲ. ಅವರ ಎಡಗೈಯಲ್ಲಿ ತುಪ್ಪದ ಬಟ್ಟಲಿದ್ದುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಿಸಿ ತುಪ್ಪ ನನ್ನ ಅಂಗೈಯ ಹಿಂಬದಿಗೆ ಇಳಿಯಿತು. ಎರಡೂ ಕೈ ಮೇಲೆ ಹಾರಿದವು. ಬಟ್ಟಲೂ ಹಾರಿತು. ಪಕ್ಕದಲ್ಲಿ ಕುಳಿತಿದ್ದ ಬೀಗರ ಇಸ್ತ್ರಿ ಮಾಡಿದ ಬಿಳಿ ಧೋತರ ಅದನ್ನು ಬರಮಾಡಿಕೊಂಡಿತು.

ಅಡುಗೆಮನೆಯ ಬಾಗಿಲಿನಿಂದ ಗೀತಾ ಹೇಳಿದಳು: “ಅಪ್ಪಾ, ಇದನ್ನ ಹೇಳಾಕತ್ತಿದ್ದೆ. ಕೆಲವು ಏಟು ತಡದ್ರೂ ಹೊಡದವರೇ ಮೊದಲ ಸಡಿಲ ಆಗ್ತಾರ. ಆವಾಗ ತಿರುಗಿ ಹೊಡಿಬಾರದು. ಮತ್ತ ಅಡ್ಡ ಹಿಡಿಬೇಕು.”

ಈ ಸಲ ಪಾಠವನ್ನು ಪೂರ್ತಿ ಕೇಳಿದೆ. ಬೀಗಿತ್ತಿಯ ಕೈ ಪುನಃ ನನ್ನತ್ತ ಬಂದಾಗ ವಿಧೇಯನಾಗಿ ಮೊಣಕೈ ಅಡ್ಡ ಹಿಡಿದೆ. ಅವರು ತಂದದ್ದು ನನ್ನ ಕೈ ಒರೆಸುವ ಬಟ್ಟೆ. ಅದು ಚಿಮ್ಮಿ ಕಟ್ಟಿನ ಸಾರಿನ ಪಾತ್ರೆಯಲ್ಲಿ ಬಿತ್ತು. ಅಲ್ಲಿಯ ತನಕ ಯಾರೂ ಸಾರು ಹಾಕಿಸಿಕೊಂಡಿರಲಿಲ್ಲ.

ಬೀಗಿತ್ತಿ ಪಾತ್ರೆಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕಮಲವ್ವನನ್ನು ಕೇಳಿದರು.

“ಅಕ್ಕಾರ, ಖರೆ ಹೇಳ್ರಿ. ಅಲ್ಲಿ ನೀವು ಬಾಣಂತಿನ್ನ ನೋಡ್ಕೋತೀರೋ, ಇವರನ್ನ ನೋಡ್ಕೋತೀರೋ?”

“ಎರಡೂ ಕೂಡಿ ಆಗಂಗಿಲ್ರಿ.”

“ಹಂಗಾದ್ರ ಗೀತಾ ಇಲ್ಲೇ ಇರ್ಲಿ. ನೀವ ಇಲ್ಲಿಗೆ ಬರ್ರಿ.”

ಇದನ್ನಾದರೂ ನನ್ನ ಹೆಂಡತಿ ತಡೆಯುತ್ತಾಳೆಂದು ಕಾದೆ.

“ಆತ್ರಿ,” ಎಂದಳು.

ಬಸ್ಸಿನಲ್ಲಿ ಅವಳು ಒಂದೇ ಮಾತು ಆಡಿದಳು: “ಸುಮ್ನ ಉಂಡಿದ್ರ, ಕೂಸು ನಮ್ಮ ಮನ್ಯಾಗ ಕಣ್ಣ ತಗೀತಿತ್ತು.” ಮನೆಗೆ ಬಂದ ಮೇಲೆ, ಎಣ್ಣೆ ಹಚ್ಚಿ ಸಿದ್ಧ ಮಾಡಿಟ್ಟಿದ್ದ ತೊಟ್ಟಿಲನ್ನು ನಾನೇ ಬಿಚ್ಚಿ, ಹಗ್ಗ ಕಟ್ಟಿ, ಕಲ್ಲೋಳಿಗೆ ಒಯ್ದು ಕೊಟ್ಟು ಬಂದೆ. ಹೆಣ್ಣು ಮಗುವೆಂದು ಫೋನ್ ಬಂದಾಗ ಗೋಕಾಕದಲ್ಲಿ ಒಬ್ಬನೇ ಸುಟ್ಟ ರೊಟ್ಟಿಯ ಕರಿ ಕೆರೆಯುತ್ತಿದ್ದೆ.

ಹದಿನೈದನೆಯ ದಿನ ಕೂಸನ್ನು ನೋಡಲು ಹೋದೆ. ಬೀಗಿತ್ತಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಎರಡೂ ಬದಿಗೆ ತಲೆದಿಂಬು ಇಟ್ಟರು. “ಅಣ್ಣಾರ, ಅಲುಗಾಡಬ್ಯಾಡ್ರಿ,” ಎಂದು ಎರಡು ಸಲ ಹೇಳಿ, ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿದರು.

ನಾನು ಅಲುಗಾಡಲಿಲ್ಲ. ಕೂಸು ಉಚ್ಚೆ ಹೊಯ್ದಾಗಲೂ ಅಲುಗಾಡಲಿಲ್ಲ.