ಕುಂಕುಮ ಹಚ್ಚಿದ ಶೀಸೆಗಳು

ಓದುಬರಹ ಬಲ್ಲವನಿಗೆ ಪ್ರಾಣಸಂಕಟದಲ್ಲೂ ಓದುವ ಚಟ ಬಿಡುವುದಿಲ್ಲ. ಬೇರೆಯವರ ಮಾತು ಬಿಡಿ, ನನ್ನದನ್ನೇ ಹೇಳುತ್ತೇನೆ. ಸಾವಿರದ ಒಂಬೈನೂರ ನಲವತ್ತರ ಆಸುಪಾಸಿನಲ್ಲಿ ನಾನು ಹೊನ್ನಾಳಿಯ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದೆ. ಮೂತ್ರಪರೀಕ್ಷೆಗೆಂದು ಅಲ್ಲಿ ನೈಟ್ರಿಕ್ ಆಸಿಡ್ ಇರುತ್ತಿತ್ತು. ಮೈಮೇಲೆ ಆಸಿಡ್ ಬಿದ್ದರೆ ತೊಳೆಯಲು ಸೋಡಾಪುಡಿ ಕದಡಿದ ನೀರು, ಕ್ಷಾರ ಬಿದ್ದರೆ ವಿನಿಗರ್ ಎಂಬ ಹುಳಿ ಬೆರೆಸಿದ ನೀರು, ಹೀಗೆ ಎರಡು ಶೀಸೆ ನಾನೇ ತಯಾರಿಸಿದ್ದೆ. ಕೆಂಪು ಶಾಯಿಯಲ್ಲಿ ಮುತ್ತು ಪೋಣಿಸಿದ ಹಾಗೆ ಚೀಟಿ ಬರೆದು ಅಂಟಿಸಿ, ಬಿರಡೆಗೆ ಅರಗು ಹಾಕಿ, ಗಾಜಿನ ಬೀರುವಿನಲ್ಲಿ ಇಟ್ಟಿದ್ದೆ. ಆಯುಧಪೂಜೆಯ ದಿನ ಅವಕ್ಕೂ ಧಾರಾಳವಾಗಿ ಕುಂಕುಮ ಹಚ್ಚಿದೆ. ರೋಗಿಗಳು ಬೀರುವಿಗೆ ಕೈಮುಗಿದು ಒಳಗೆ ಬರುತ್ತಿದ್ದರು, ನಾನು ಬೀಗುತ್ತಿದ್ದೆ.

ಒಂದು ಬೆಳಿಗ್ಗೆ ಡಾಕ್ಟರು ನ್ಯಾಮತಿಗೆ ಹೋಗಿದ್ದಾಗ ಆಸಿಡ್ ನನ್ನ ಎಡಗೈ ಮೇಲೆ ಚೆಲ್ಲಿತು. ಬೀರುವಿಗೆ ಓಡಿದೆ. ಕೆಂಪು ಶಾಯಿಯ ಮೇಲೆ ಕೆಂಪು ಕುಂಕುಮ! ಯಾವುದು ಸೋಡಾ, ಯಾವುದು ಹುಳಿ ಒಂದೂ ತಿಳಿಯದು. ಮೂಸಿ ನೋಡೋಣವೆಂದರೆ ಅರಗು ಕಲ್ಲಾಗಿತ್ತು. ಕೈ ಹೋಯಿತೆಂದೇ ಹೆದರಿದ್ದೆ. ಆದರೂ ಶೀಸೆಯನ್ನು ಬೆಳಕಿಗೆ ಹಿಡಿದು ಅಕ್ಷರ ಹುಡುಕುತ್ತ ನಿಂತಿದ್ದೆ. ಹೊಳೆಯಿಂದ ನೀರು ಹೊತ್ತು ತರುವ ಗೌರಮ್ಮ ಆಗಷ್ಟೇ ಕೊಡ ಇಳಿಸುತ್ತಿದ್ದಳು. "ಕೈ ಸುಡಾಕೆ ಹತ್ತೈತೆ, ಅದೇನು ಓದ್ತೀರಿ? ಇಲ್ಲಿ ಬರ್ರಿ!" ಎಂದು ಮೊಣಕೈ ಹಿಡಿದು ಎಳೆದಳು. "ತಡಿ, ಅದು ಕುಡಿಯುವ ನೀರು" ಎಂದೆ. ನನ್ನ ಬುದ್ಧಿಗೆ ಏನೆನ್ನಲಿ! "ಕುಡಿಯಾಕೆ ಮತ್ತೆ ತರ್ತೀನಿ. ಕೈ ಎಲ್ಲಿಂದ ತರ್ಲಿ?" ಎಂದವಳು ಬೆಳಗಿನಿಂದ ಹೊತ್ತಿದ್ದ ಮೂರು ಕೊಡ ನೀರನ್ನೂ ಬಿಡದೆ ಸುರಿದಳು.

ಸಂಜೆ ಡಾಕ್ಟರು ಕೈ ನೋಡಿ, "ಮೊದಲು ಬೇಕಾದದ್ದು ನೀರೇ ಕಣಯ್ಯ. ಇನ್ನಷ್ಟು ತಡವಾಗಿದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಒಳ್ಳೆಯ ಕೆಲಸ ಮಾಡಿದೆ" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಗೌರಮ್ಮನ ಹೆಸರು ಬಾಯಿಗೆ ಬರಲಿಲ್ಲ.

ಆ ವಾರ ಹೆಂಡತಿಯೊಂದಿಗೆ ಜಗಳೂರಿನ ಅತ್ತೆಮನೆಗೆ ಹೋದಾಗ ಮಾವನವರು ಕೈಗೆ ಸುತ್ತಿದ್ದ ಬಟ್ಟೆಪಟ್ಟಿ ನೋಡಿ ವಿಚಾರಿಸಿದರು. "ತಕ್ಷಣ ನೀರು ಹಾಕಿಕೊಂಡೆ. ಈ ಕೆಲಸದಲ್ಲಿ ತಲೆ ತಣ್ಣಗಿರಬೇಕು ನೋಡಿ" ಎಂದೆ. ಅವರು ತಲೆದೂಗಿದರು. ಹೆಂಡತಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದಳು. ಅವಳೂ ಗೌರಮ್ಮನೂ ದಿನಾ ಹೊಳೆಯಲ್ಲಿ ಸಿಗುತ್ತಾರೆಂಬುದು ನನಗೆ ಹೊಳೆದಿದ್ದರೆ ತಾನೆ! ಹೊರಡುವಾಗ ಎಲ್ಲರೆದುರಿಗೆ, "ಅವ್ವಾ, ನಮ್ಮ ಗೌರಮ್ಮಗೂ ನಾಕು ಹೋಳಿಗೆ ಕಟ್ಟಿಕೊಡು. ಇವ್ರು ಚೀಟಿ ಓದ್ತಾ ನಿಂತಿದ್ರಂತೆ, ಆಕೆನೇ ನೀರು ಹಾಕಿ ಕೈ ಉಳಿಸ್ಯಾಳೆ" ಎಂದಳು.

ಆ ಹೋಳಿಗೆ ಗಂಟನ್ನು ಜಗಳೂರಿನಿಂದ ಹೊನ್ನಾಳಿಯವರೆಗೆ ಹೊತ್ತು ತಂದದ್ದು ಮಾತ್ರ, ಸತ್ಯವಾಗಿ, ನಾನೇ.