ಹೊಸ ಹೋಸ್ಟಿಂಗಿಗೆ ಬಾರದ ಲೇಖನ

ಪ್ರೆಸ್ಸಿನಲ್ಲಿ ಕರಡು ತಿದ್ದುವವಳಿಗೆ ಸ್ವಂತದ್ದೊಂದು ವೆಬ್‌ಸೈಟ್ ಇತ್ತು. ಅದನ್ನು ಓದುವವರು ಇಬ್ಬರೇ: ಅವಳ ತಂಗಿ ಮತ್ತು ಅವಳು. ಆ ಧೈರ್ಯದಲ್ಲೇ ‘ಬೆಳಗಿನ ಗರಗಸ’ ಎಂಬ ಲೇಖನ ಬರೆದಿದ್ದಳು. ನೆರೆಯ ಹೆಂಗಸೊಬ್ಬರು ಬೆಳಕು ಹರಿಯುವ ಮುಂಚೆಯೇ ಹಾಡಲು ಕೂರುವುದು, ತುಕ್ಕು ಹಿಡಿದ ಷಟರ್ ಎಳೆದಂಥ ಆ ದನಿಗೆ ಬೀದಿನಾಯಿಗಳು ಬೀದಿ ಬದಲಾಯಿಸುವುದು, ಎಲ್ಲವೂ ಅದರಲ್ಲಿತ್ತು. ಹೆಸರು ಹಾಕಿರಲಿಲ್ಲ. ಹಾಡುವವರು ಮಾತ್ರ ಅವಳು ಬಾಡಿಗೆಗಿದ್ದ ಕೋಣೆಯ ಮಹಡಿ ಮೇಲಿನ ಓನರಮ್ಮ.

ಆವತ್ತು ಬೆಳಿಗ್ಗೆ ಓನರಮ್ಮ ಅವಳನ್ನು ಗೇಟಿನಲ್ಲೇ ಹಿಡಿದರು.

“ಏನಮ್ಮಾ, ನೀನು ಬರೀತೀಯಂತೆ! ನಿನ್ನ ತಂಗಿ ಹೇಳಿದ್ಲು. ಸಂಜೆ ನಾನೂ ಯಜಮಾನ್ರೂ ಕೂತು ಎಲ್ಲಾ ಓದ್ತೀವಿ.”

ಅವಳಿಗೆ ಗರಗಸ ನೆನಪಾಯಿತು. ಹಿಂದೆ ಅವಳ ಕೋಣೆಯಲ್ಲಿದ್ದವನು “ಸ್ವಲ್ಪ ಮೆಲ್ಲಗೆ ಹಾಡಿ” ಎಂದಿದ್ದಕ್ಕೇ ಗಂಟುಮೂಟೆ ಕಟ್ಟಬೇಕಾಗಿ ಬಂದಿತ್ತು. ಅಷ್ಟು ಬೆಳಕಿನ, ಪ್ರೆಸ್ಸಿಗೆ ಅಷ್ಟು ಹತ್ತಿರದ ಕೋಣೆ ಇನ್ನೆಲ್ಲಿ ಸಿಗಬೇಕು?

ಲೇಖನ ಅಳಿಸೋಣವೆಂದರೆ ಪಾಸ್‌ವರ್ಡ್ ಮರೆತಿತ್ತು. ಹೊಸದನ್ನು ಕೇಳಿದರೆ ಅದು ಹೋಗುತ್ತಿದ್ದುದು ಅವಳು ಬಿಟ್ಟುಬಂದ ಕೆಲಸದ ಇಮೇಲಿಗೆ. ಪ್ರೆಸ್ಸಿನಲ್ಲಿ ಪುಟ ಕಟ್ಟುವವನ ಮುಂದೆ ಹೋಗಿ ಗೋಳು ತೋಡಿಕೊಂಡಳು. ಎಲ್ಲರೂ ಅವನನ್ನು ಕಂಪ್ಯೂಟರ್ ಮಾಂತ್ರಿಕ ಎನ್ನುತ್ತಿದ್ದರು.

“ಸೈಟಿನ ವಿಳಾಸ ನಿಮ್ಮ ಕೈಲೇ ಇದ್ಯಾ ಅಕ್ಕ?”

“ಅದು ಬೇರೆ ಕಂಪನೀಲಿ ತಗೊಂಡಿದ್ದು. ಅದರ ಪಾಸ್‌ವರ್ಡ್ ಇದೆ.”

“ಹಂಗಾದ್ರೆ ಹಳೇ ಮನೆ ಬೀಗ ಯಾಕೆ ಒಡೀಬೇಕು? ಹೊಸ ಹೋಸ್ಟಿಂಗ್, ಅಂದ್ರೆ ಸೈಟ್ ಇಡೋಕೆ ಬೇರೆ ಜಾಗ ತಗೊಳ್ಳೋಣ. ಆ ಲೇಖನ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿಗೆ ಕಾಪಿ ಮಾಡಿ, ವಿಳಾಸದ ಬೋರ್ಡು ಹೊಸ ಮನೆಗೆ ಹೊಡೆದರಾಯ್ತು.”

ಪಕ್ಕದ ಮೇಜಿನ ಅಕೌಂಟೆಂಟ್ ಮಾಮ ಕುರ್ಚಿ ಸಮೇತ ಬಂದರು. ಗುಂಡಿ ಎಲ್ಲಿದ್ದರೂ ಒತ್ತಿ ನೋಡುವುದು ಅವರ ಸ್ವಭಾವ. ಅವರು ಯಾವುದನ್ನೋ ಒತ್ತಿದ್ದೇ ತಡ, ಚಿತ್ರಗಳೆಲ್ಲ ಸ್ಥಳ ಬದಲಾಯಿಸಿದವು. ‘ನನ್ನ ಪರಿಚಯ’ ಪುಟದಲ್ಲಿ ಅವಳ ಬದಲು ತಂಗಿಯ ಬೆಕ್ಕು ಬಂದು ಕೂತಿತು.

“ಇರಲಿ ಬಿಡಮ್ಮ. ಇದರಲ್ಲೇ ಚೆನ್ನಾಗಿ ಬಂದಿದೀಯ,” ಎಂದರು ಮಾಮ.

ಊಟ ಬಿಟ್ಟು ಚಿತ್ರಗಳನ್ನೆಲ್ಲ ಅವಳು ಮತ್ತೆ ಜೋಡಿಸಿದಳು. ಮಾಂತ್ರಿಕ ವಿಳಾಸ ಬದಲಾಯಿಸಿದ. ಅವಳು ತನ್ನ ಫೋನಿನಲ್ಲಿ ತೆರೆದು ನೋಡಿದಳು. ಗರಗಸ ಮಾಯ! ಅಷ್ಟರಲ್ಲಿ ಪಕ್ಕದ ಮೇಜಿನಿಂದ ಮಾಮನ ನಗು ಕೇಳಿಸಿತು.

“‘ನಾಯಿಗಳು ಬೀದಿ ಬದಲಾಯಿಸಿದವು!’ ಭೇಷ್ ಕಣಮ್ಮ!”

“ಮಾಮ, ಅದು ನಿಮಗೆಲ್ಲಿ ಸಿಕ್ತು?”

“ನನ್ನ ಫೋನಲ್ಲಿ ಇದೆಯಲ್ಲ.”

ಮಾಂತ್ರಿಕ ತಲೆ ಕೆರೆದುಕೊಂಡ. “ವಿಳಾಸ ಬದಲಾಗಿದ್ದು ಎಲ್ಲರಿಗೂ ಒಂದೇ ಸಲ ಗೊತ್ತಾಗಲ್ಲ ಅಕ್ಕ. ಕೆಲವರಿಗೆ ನಾಳೆವರೆಗೂ ಹಳೇದೇ ಕಾಣತ್ತೆ.”

“ಯಾರಿಗೆ?”

“ಅದು ಹೇಳಕ್ಕಾಗಲ್ಲ.”

ಅವಳು ಮನೆಗೆ ಓಡಿದಳು. ಮೆಟ್ಟಿಲು ಹತ್ತುವಾಗ ಕ್ಷಮೆಯ ಮಾತುಗಳನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದಿದಳು. ಮೇಲೆ ಓನರಮ್ಮ ಸೋಫಾದಲ್ಲಿ ಫೋನು ಹಿಡಿದು ಕೂತಿದ್ದರು. ಕಣ್ಣಲ್ಲಿ ನೀರು. ಯಜಮಾನರು ಫ್ಯಾನಿನ ರೆಕ್ಕೆ ಎಣಿಸುವವರಂತೆ ಮೇಲೆ ನೋಡುತ್ತಿದ್ದರು.

“ಆಂಟಿ, ಅದು... ನಾನು ಹೇಳೋದು ಸ್ವಲ್ಪ ಕೇಳಿ...”

“ಏನು ಕೇಳೋದು! ಗರಗಸ!” ಓನರಮ್ಮ ಕಣ್ಣೊರೆಸಿಕೊಂಡರು. “ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು ಕಣೆ! ಎದುರು ಮನೆ ಡೆಂಟಿಸ್ಟ್ ಬಾತ್‌ರೂಮಲ್ಲಿ ಹಾಡು ಅಂತ ಕಿರುಚ್ತಾಳಲ್ಲ, ಅವಳನ್ನ ಹಂಗಂಗೇ ಇಳಿಸಿಬಿಟ್ಟಿದೀಯ!”

ಅವಳು ಹತ್ತಿರವಿದ್ದ ಕುರ್ಚಿಯ ಮೇಲೆ ದೊಪ್ಪನೆ ಕೂತಳು. ಕೋಣೆ ಉಳಿಯಿತು!

“ಹೌದು ಆಂಟಿ,” ಎಂದಳು. ಅಷ್ಟು ಹಗುರವಾಗಿ ಅವಳು ಎಂದೂ ಸುಳ್ಳು ಹೇಳಿರಲಿಲ್ಲ.

“ಪಾಪ, ಇಷ್ಟು ದಿನ ಒಬ್ಬಳೇ ಸಹಿಸ್ಕೊಂಡಿದೀಯ. ನಾನಿರೋವಾಗ ಇನ್ನು ಅದೆಲ್ಲ ನಡಿಯಲ್ಲ. ನಾಳೆಯಿಂದ ಇನ್ನೂ ಒಂದು ಗಂಟೆ ಮುಂಚೆ ಎದ್ದು, ಕೆಳಗೆ ಬಂದು, ನಿನ್ನ ಕಿಟಕಿ ಪಕ್ಕಾನೇ ಕೂತು ಹಾಡ್ತೀನಿ. ಅವಳ ದನಿ ನಿನ್ನ ಕಿವಿಗೆ ಬೀಳಲೇಬಾರದು!”

ಅವಳು ಹೇಗೋ ನಕ್ಕು ಮೇಲೆದ್ದಳು.

ಬಾಗಿಲವರೆಗೆ ಬೀಳ್ಕೊಡಲು ಬಂದ ಯಜಮಾನರು ಅತ್ತಿತ್ತ ನೋಡಿ, ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ದೊಡ್ಡ ಉಪಕಾರ ಆಯ್ತಮ್ಮ,” ಎಂದು ಪಿಸುಗುಟ್ಟಿದರು. “ಮದುವೆಯಾದ ಮೇಲೆ ನಾಳೆ ಬೆಳಿಗ್ಗೆ ಮೊದಲ ಸಲ ನೆಮ್ಮದಿಯಾಗಿ ಮಲಗ್ತೀನಿ.”